ಅಂಕ ಇಳಿದರೆ ಕಲಿಕೆಯೂ ಇಳಿಯಿತೇ?

ಪ್ರಶ್ನೆ: ನಮ್ಮ ಶಾಲೆಯ ಐದನೆಯ ತರಗತಿಯ ಹುಡುಗನೊಬ್ಬ ಗಣಿತದ ಮೊದಲ ಕಿರುಪರೀಕ್ಷೆಯಲ್ಲಿ 25ಕ್ಕೆ 18, ಎರಡನೆಯದರಲ್ಲಿ 14 ಅಂಕ ಪಡೆದಿದ್ದಾನೆ. ಪ್ರತಿ ಪ್ರಶ್ನೆಗೂ ಒಂದೇ ಅಂಕ. ಎರಡನೆಯ ಪತ್ರಿಕೆ ಕಠಿಣವಾಗಿತ್ತೆಂದು ನನಗನಿಸುತ್ತದೆ. ಪಾಲಕರು ಮಾತ್ರ ಮಗ ಹಿಂದೆ ಬಿದ್ದನೆಂದು ಕೊರಗುತ್ತಿದ್ದಾರೆ. ನಿಜ ತಿಳಿಯುವ ದಾರಿ ಇದೆಯೇ?
— ಶಿಕ್ಷಕಿ, ಸಿಂಧನೂರು, ರಾಯಚೂರು ಜಿಲ್ಲೆ

ಉತ್ತರ: ದಾರಿ ಇದೆ, ಆದರೆ ಪತ್ರಿಕೆ ತಯಾರಿಸುವಾಗಲೇ ಅದಕ್ಕೆ ಸಿದ್ಧತೆ ಬೇಕು. ಒಟ್ಟು ಅಂಕದಲ್ಲಿ ಮಗುವಿನ ಸಾಮರ್ಥ್ಯವೂ ಪ್ರಶ್ನೆಗಳ ಕಠಿಣತೆಯೂ ಬೆರೆತಿರುತ್ತವೆ. ಇವೆರಡನ್ನೂ ಬಿಡಿಸಿ ಒಂದೇ ಅಳತೆಗೋಲಿನ ಮೇಲೆ ಗುರುತಿಸುವ ಮಾದರಿಯನ್ನು ಡೆನ್ಮಾರ್ಕಿನ ಗಣಿತಜ್ಞ ಜಾರ್ಜ್ ರಾಶ್ 1960ರಲ್ಲಿ ಪ್ರಕಟಿಸಿದರು. ಅದರ ಪ್ರಕಾರ ಸರಿಯುತ್ತರದ ಸಂಭವನೀಯತೆಯು ಸಾಮರ್ಥ್ಯಕ್ಕೂ ಕಠಿಣತೆಗೂ ಇರುವ ಅಂತರವನ್ನಷ್ಟೇ ಅವಲಂಬಿಸುತ್ತದೆ: ಎರಡೂ ಸಮನಿದ್ದರೆ ಶೇ. 50, ಸಾಮರ್ಥ್ಯವು ಒಂದು ಲಾಗಿಟ್ (ಈ ಅಳತೆಯ ಮಾನ) ಹೆಚ್ಚಿದ್ದರೆ ಸುಮಾರು ಶೇ. 73.

ಈ ಅಳತೆಯಲ್ಲಿ ಪ್ರತಿ ಅಂಕಕ್ಕೂ ಒಂದೇ ತೂಕವಿಲ್ಲ. 25 ಪ್ರಶ್ನೆಗಳೂ ಸಮಾನ ಕಠಿಣವೆಂದು ಇಟ್ಟುಕೊಂಡರೂ 12ರಿಂದ 13ಕ್ಕೆ ಏರುವುದಕ್ಕಿಂತ 23ರಿಂದ 24ಕ್ಕೆ ಏರಲು ನಾಲ್ಕೂವರೆ ಪಟ್ಟಿಗೂ ಹೆಚ್ಚು ಸಾಮರ್ಥ್ಯವೃದ್ಧಿ ಬೇಕಾಗುತ್ತದೆ.

ಎರಡು ಪತ್ರಿಕೆಗಳನ್ನು ಹೋಲಿಸಲು ಎರಡರಲ್ಲೂ ಕೆಲವು ಪ್ರಶ್ನೆಗಳು ಸಮಾನವಾಗಿರಬೇಕು, ಅಂದರೆ ಅವೇ ಪ್ರಶ್ನೆಗಳು ಎರಡರಲ್ಲೂ ಬರಬೇಕು. ಅವುಗಳ ಆಧಾರದ ಮೇಲೆ ಉಳಿದ ಪ್ರಶ್ನೆಗಳ ಕಠಿಣತೆಯನ್ನು ಒಂದೇ ಅಳತೆಗೆ ತರಬಹುದು. ಅಂಥ ಪ್ರಶ್ನೆಗಳನ್ನು ಬಹಳ ಎಚ್ಚರದಿಂದ ಆರಿಸಬೇಕು. "3 ಎಕರೆ 10 ಗುಂಟೆಯಲ್ಲಿ 1 ಎಕರೆ 25 ಗುಂಟೆ ಕಳೆಯಿರಿ" ಎಂಬ ಲೆಕ್ಕವನ್ನೇ ನೋಡಿ. ತುಂಗಭದ್ರಾ ಕಾಲುವೆಯ ಕೆಳಗೆ ಭತ್ತ ಬೆಳೆಯುವ ಮನೆಯ ಮಗುವಿಗೆ ಎಕರೆಗೆ 40 ಗುಂಟೆಯೆಂಬುದು ಆಡುಮಾತು; ಪೇಟೆಯ ಅಂಗಡಿಕಾರರ ಮಗುವಿಗೆ, ದಶಕ ತೆಗೆದುಕೊಂಡು ಕಳೆಯುವುದು ಅಷ್ಟೇ ಚೆನ್ನಾಗಿ ಬಂದರೂ, ಅದು ಗೊತ್ತಿರದಿರಬಹುದು. ಸಮಾನ ಸಾಮರ್ಥ್ಯದ ಮಕ್ಕಳ ಒಂದು ಗುಂಪು ಒಂದೇ ಪ್ರಶ್ನೆಯಲ್ಲಿ ಮತ್ತೆಮತ್ತೆ ಎಡವಿದರೆ ಆ ಪ್ರಶ್ನೆ ವ್ಯವಕಲನವನ್ನಲ್ಲ, ಮನೆಯ ಕಸುಬನ್ನು ಅಳೆಯುತ್ತಿದೆ. ಒಟ್ಟು ಅಂಕ ಮುಚ್ಚಿಡುವ ಈ ಅನ್ಯಾಯವನ್ನು ಬಯಲಿಗೆ ತರುವುದೇ ಇಂಥ ಮಾದರಿಗಳ ದೊಡ್ಡ ಉಪಕಾರವೆಂದು ನನ್ನ ಅಭಿಪ್ರಾಯ. ಆ ಲೆಕ್ಕದಲ್ಲಿ "1 ಎಕರೆ = 40 ಗುಂಟೆ" ಎಂದು ಬರೆದುಕೊಟ್ಟರೆ ತೊಡಕು ಬಹುಮಟ್ಟಿಗೆ ನೀಗುತ್ತದೆ.

ಒಂದು ತರಗತಿಯ ಉತ್ತರಗಳಿಂದ ಬರುವ ಅಂದಾಜು ಅಸ್ಥಿರವಾಗಿರುತ್ತದೆ. ಕ್ಲಸ್ಟರಿನ ಶಾಲೆಗಳು ಸೇರಿ ಪ್ರತಿ ಮಗುವಿನ ಪ್ರಶ್ನೆವಾರು ಸರಿ-ತಪ್ಪುಗಳನ್ನು ದಾಖಲಿಸಿಟ್ಟರೆ ಮುಂದಿನ ಪರೀಕ್ಷೆಗೆ ಗಟ್ಟಿ ಆಧಾರ ಸಿಗುತ್ತದೆ. ಈಗಿನ ಮಟ್ಟಿಗೆ ಇಡೀ ತರಗತಿಯ ಸರಾಸರಿಯನ್ನು ನೋಡಿ. ಅದೂ ನಾಲ್ಕರಷ್ಟು ಇಳಿದಿದ್ದರೆ ಹುಡುಗ ತನ್ನ ಓರಗೆಯವರಿಗಿಂತ ಹಿಂದೆ ಬಿದ್ದಿಲ್ಲವೆಂದು ಪಾಲಕರಿಗೆ ಹೇಳಬಹುದು. ಪತ್ರಿಕೆ ಕಠಿಣವಿತ್ತೋ, ಇಡೀ ತರಗತಿಗೆ ಪಾಠ ತಲುಪಲಿಲ್ಲವೋ ಎಂಬುದನ್ನು ಸಮಾನ ಪ್ರಶ್ನೆಗಳಿಲ್ಲದೆ ತೀರ್ಮಾನಿಸಲಾಗದು.