ಆ ಫೈಲ್ ಸುಡಬೇಡಿ, ಮಗಳ ಕೈಗೆ ಕೊಡಿ

ತೀರ್ಥಹಳ್ಳಿ ಕಡೆಯ ಓದುಗರೊಬ್ಬರು, ಹೆಸರು ಹಾಕಬೇಡಿ ಎಂದು ಕೇಳಿಕೊಂಡು, ಉದ್ದದ ಪತ್ರ ಬರೆದಿದ್ದಾರೆ. ಮಗಳಿಗೆ 5ನೇ ವಯಸ್ಸಿನಲ್ಲಿ ಬ್ಲಡ್ ಕ್ಯಾನ್ಸರ್ ಬಂದಿತ್ತು. ಬೆಂಗಳೂರಿನಲ್ಲಿ ಎರಡೂವರೆ ವರ್ಷ ಚಿಕಿತ್ಸೆಯಾಗಿ ಗುಣವಾಯಿತು. ಈಗ ಅವಳಿಗೆ 23. ಚಿಕ್ಕಂದಿನಲ್ಲಿ ಕಾಮಾಲೆ ಆಗಿತ್ತು ಅಂತಷ್ಟೇ ಅವಳಿಗೆ ಗೊತ್ತು. ಗಂಡು ನೋಡುತ್ತಿದ್ದಾರೆ. “ಆಸ್ಪತ್ರೆ ಫೈಲ್ ಒಲೆಗೆ ಹಾಕಿಬಿಡು ಅಂತಾರೆ ನಮ್ಮ ಅತ್ತಿಗೆ. ನೀವೇನಂತೀರಿ ಸಾರ್?”

ಉತ್ತರ: ಬೇಡಮ್ಮ. ಖಂಡಿತ ಬೇಡ.

ಅತ್ತಿಗೆಯವರ ಭಯ ಸುಳ್ಳಲ್ಲ. ಆ ಕಾಯಿಲೆಯ ಹೆಸರು ಕೇಳಿದ್ದೇ ತಡ, ಕಾಫಿ ಲೋಟ ಅರ್ಧಕ್ಕೇ ಇಟ್ಟು ಎದ್ದು ಹೋಗುವವರಿದ್ದಾರೆ. ಒಪ್ಪಿದೆ. ಆದರೆ ನೀವು ಮುಚ್ಚಿಟ್ಟಿರೋದು ಬೀಗರಿಂದಲ್ಲ, ನಿಮ್ಮ ಮಗಳಿಂದ. ಮೈ ಅವಳದಲ್ವಾ?

ಆ ಫೈಲ್ ಒಮ್ಮೆ ತೆಗೆದು ನೋಡಿ. ಕೆಂಪು ಔಷಧಿಯ ಡ್ರಿಪ್ ಹಾಕಿದ ದಿನ ಮೂತ್ರ ಕೆಂಪಗೆ ಬಂದು ಹೆದರಿದ್ದೆ ಅಂತ ನೀವೇ ಬರೆದಿದ್ದೀರಿ. ಡಾಕ್ಸೋರುಬಿಸಿನ್, ಡೌನೋರುಬಿಸಿನ್ ಎಂಬ ಔಷಧಿಗಳ ಬಣ್ಣ ಅದು. ಕ್ಯಾನ್ಸರ್ ಕಣಗಳನ್ನು ಕೊಲ್ಲುತ್ತವೆ, ಆದರೆ ಕೆಲವರ ಹೃದಯಕ್ಕೆ ಹತ್ತಿಪ್ಪತ್ತು ವರ್ಷದ ಮೇಲೂ ತೊಂದರೆ ಕೊಡಬಹುದು. ಒಟ್ಟು ಎಷ್ಟು ಹೋಗಿದೆ ಅನ್ನುವ ಲೆಕ್ಕ ಆ ಫೈಲಿನಲ್ಲೇ ಇರುತ್ತೆ. ನಾಳೆ ಅವಳು ಬಸುರಿಯಾದಾಗ ಹೃದಯಕ್ಕೆ ಕೆಲಸ ಜಾಸ್ತಿ. ಡಾಕ್ಟರು ಮೊದಲೇ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿ ನೋಡಬೇಕು. ‘ಕಾಮಾಲೆ ಆಗಿತ್ತು’ ಅಂದರೆ ಅವರು ಯಾಕೆ ಮಾಡಿಸ್ತಾರೆ ಹೇಳಿ?

ವರ್ಷಕ್ಕೊಮ್ಮೆ ಬನ್ನಿ ಅಂದಿದ್ದರು, ಬಿಟ್ಟೆವು ಅಂತಲೂ ಬರೆದಿದ್ದೀರಿ. ಅದು ಮಾತ್ರ ತಪ್ಪು ಕಣಮ್ಮ. ಗುಣವಾದ ಮಕ್ಕಳನ್ನು ನೋಡಲೆಂದೇ ಮುಂಬೈಯ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯವರು 1991ರಲ್ಲೇ ಬೇರೆ ಕ್ಲಿನಿಕ್ ತೆರೆದರು. ಸುಮ್ನೆ ತೆರೀತಾರಾ?

ಈ ಕಾಯಿಲೆ ಗುಣವಾಗುವ ಹಾಗಾಗಿದ್ದೇ ಮೊನ್ನೆ ಮೊನ್ನೆ. 1947ರ ಕೊನೆಗೆ ಅಮೆರಿಕದ ಬಾಸ್ಟನ್‌ನ ಡಾಕ್ಟರ್ ಸಿಡ್ನಿ ಫಾರ್ಬರ್ ಈ ಕಾಯಿಲೆಯ ಮಕ್ಕಳಿಗೆ ಅಮಿನಾಪ್ಟರಿನ್ ಎಂಬ ಔಷಧಿ ಕೊಟ್ಟು ನೋಡಿದರು. ಕೆಲವು ತಿಂಗಳು ಚೇತರಿಸಿಕೊಂಡ ಮಕ್ಕಳಿಗೆ ಕಾಯಿಲೆ ಮತ್ತೆ ಬಂತು. ಆ ಔಷಧಿ ತಯಾರಿಸಿದ ತಂಡದ ಮುಖ್ಯಸ್ಥರು ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ನಮ್ಮ ಪಕ್ಕದ ಆಂಧ್ರದವರು, ಎಷ್ಟು ಜನಕ್ಕೆ ಗೊತ್ತು? ಆಮೇಲೆ ನಿತ್ಯಪುಷ್ಪದ ಗಿಡದಿಂದ ವಿಂಕ್ರಿಸ್ಟಿನ್ ಎಂಬ ಇನ್ನೊಂದು ಔಷಧಿ ಬಂತು. ಅದೇ, ನಿಮ್ಮ ಅಂಗಳದಲ್ಲೂ ನೀರಿಲ್ಲದೆ ಹೂ ಬಿಡುತ್ತಲ್ಲ, ಆ ಗಿಡ. ಅಮೆರಿಕದ ಮೆಂಫಿಸ್‌ನ ಡಾಕ್ಟರ್ ಡೊನಾಲ್ಡ್ ಪಿಂಕೆಲ್ ಇಂಥ ಔಷಧಿಗಳನ್ನೆಲ್ಲ ಒಟ್ಟುಗೂಡಿಸಿ, ಮಿದುಳಿಗೂ ಬೆನ್ನುಹುರಿಗೂ ಸೇರಿಸಿ ಚಿಕಿತ್ಸೆ ಕೊಟ್ಟ ಮೇಲೆ ಸುಮಾರು ಅರ್ಧದಷ್ಟು ಮಕ್ಕಳು ಉಳಿಯತೊಡಗಿದರು. ಈಗ ಶ್ರೀಮಂತ ದೇಶಗಳಲ್ಲಿ 100ಕ್ಕೆ ಸುಮಾರು 90 ಮಕ್ಕಳು ಗುಣವಾಗುತ್ತಾರೆ.

ನಮ್ಮಲ್ಲಿ ಅಷ್ಟಿಲ್ಲ. ತಡವಾಗಿ ಬರೋದು, ಸೋಂಕು, ದುಡ್ಡು, ಎಲ್ಲ ಕಾರಣವೂ ಇದೆ. ಜೊತೆಗೆ ಅರ್ಧಕ್ಕೇ ಚಿಕಿತ್ಸೆ ಬಿಟ್ಟು ಊರಿಗೆ ಹೋಗುವವರು. ನನಗೆ ಪರಿಚಯದ ಒಬ್ಬ ತಂದೆ ಹಾಗೆ ಹೊರಟಿದ್ದ. “ಇದು ಬಂದು ಬದುಕಿದ ಒಬ್ಬರನ್ನಾದ್ರೂ ತೋರಿಸಿ ಸಾರ್” ಅಂದ. ಮಗು ಪಕ್ಕದಲ್ಲಿ ಸ್ಟಿರಾಯ್ಡ್ ಮಾತ್ರೆಯ ಹಸಿವಿಗೆ ರಾತ್ರಿ ಹನ್ನೊಂದಕ್ಕೆ ಎರಡನೇ ಸಲ ಚಿತ್ರಾನ್ನ ತಿನ್ನುತ್ತಿತ್ತು, ಕೆನ್ನೆ ಊದಿಕೊಂಡು. ತೋರಿಸೋಣ ಅಂದರೆ ಬದುಕಿದವರಿಗೆಲ್ಲ ನಾವು ಕಾಮಾಲೆ ಅಂತ ಹೆಸರಿಟ್ಟಿದ್ದೇವೆ! ಊರಿನ ಲೆಕ್ಕಕ್ಕೆ ಸಿಗೋದು ಸತ್ತವರು ಮಾತ್ರ.

ಸಿನಿಮಾದವರೂ ಹಾಗೇ. ಬ್ಲಡ್ ಕ್ಯಾನ್ಸರ್ ಅಂದರೆ ಒಂದು ಕೆಮ್ಮು, ಕರ್ಚೀಫಿನಲ್ಲಿ ರಕ್ತ, ಕ್ಲೈಮ್ಯಾಕ್ಸಿಗೆ ಸಾವು. ನಾವು ಪತ್ರಿಕೆಯವರೇನು ಕಮ್ಮಿಯಿಲ್ಲ. ಫೆಬ್ರವರಿ 15ರ ಮಕ್ಕಳ ಕ್ಯಾನ್ಸರ್ ದಿನ ಬೋಳುತಲೆಯ ಮಗುವಿನ ಫೋಟೊ ಹಾಕ್ತೇವೆ. ಅದೇ ಮಗು ಬೆಳೆದು ಬ್ಯಾಂಕಿನ ಕೌಂಟರಿನಲ್ಲಿ ಕೂತರೆ ಯಾರಿಗೂ ಬೇಡ. ವಿಮೆಯ ಫಾರಂ ಅಂತೂ ಕಾಯಿಲೆ ಹೇಳಿದರೆ ತಕರಾರು, ಮುಚ್ಚಿಟ್ಟರೆ ಮುಂದೆ ಕ್ಲೇಮ್ ತಿರಸ್ಕಾರ. ಇನ್ನು ಮದುವೆ ಜಾಹೀರಾತು. ‘ಆರೋಗ್ಯವಂತ ಕನ್ಯೆ ಬೇಕು’ ಅನ್ನುವ ವರಮಹಾಶಯನ ಬಿಪಿ, ಶುಗರ್, ಸಂಜೆಯ ಬಾಟಲಿ, ಇವೆಲ್ಲ ಯಾವ ಜಾಹೀರಾತಿನಲ್ಲಿ ಬಂದಿದೆ?

ಈಗ ನಿಮ್ಮ ಕೆಲಸ. ಬೀಗರಿಗೆ ಹೇಳುವ ಮಾತು ಆಮೇಲೆ, ಮೊದಲು ಮಗಳಿಗೆ ಹೇಳಿ. ಅವಳು ಸಿಟ್ಟಾಗ್ತಾಳೆ, ಆಗಲಿ. ಅವಳನ್ನೇ ಕರಕೊಂಡು ಆ ಆಸ್ಪತ್ರೆಗೆ ಹೋಗಿ. ಯಾವ ಔಷಧಿ ಎಷ್ಟು, ರೇಡಿಯೇಷನ್ ಕೊಟ್ಟಿದ್ದರೆ ಎಲ್ಲಿಗೆ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಮಕ್ಕಳಾಗುತ್ತಾ ಅನ್ನುವ ಪ್ರಶ್ನೆಯನ್ನೂ ಅಲ್ಲೇ ಕೇಳಿ. ಈ ಕಾಯಿಲೆ ಗುಣವಾದ ಹೆಚ್ಚಿನವರಿಗೆ ಆಗುತ್ತೆ. ಹುಟ್ಟುವ ಮಗುವಿಗೂ ಇದೇ ಬರುತ್ತೆ ಅನ್ನೋದು ಬರೀ ಹೆದರಿಕೆ. ಹುಡುಗನಿಗೆ ನಿಶ್ಚಿತಾರ್ಥಕ್ಕೆ ಮುಂಚೆ ತಿಳಿಯಬೇಕು, ಹೇಳುವವಳು ಅವಳೇ ಆಗಲಿ. ಫೈಲ್ ಅವಳ ಬೀರುವಿನಲ್ಲಿರಲಿ, ಹುಡುಗನ ಕಡೆಯ ಶುಗರ್ ರಿಪೋರ್ಟ್ ಕೇಳೋದನ್ನೂ ಮರೀಬೇಡಿ.