ವಿದೇಶಿ ನೆರವಿನಿಂದ ಕಾನೂನಿನ ಆಳ್ವಿಕೆ ಬರುತ್ತಾ? ಮುಂಬೈನ ಒಬ್ಬ ಪ್ಯಾರಾಲೀಗಲ್ ಉತ್ತರ

ನೀವು ಧಾರವಾಡದಲ್ಲಿ ಸಮಾಜ ಕಾರ್ಯ ಓದುತ್ತಿದ್ದೀರಿ. ಶ್ರೀಮಂತ ದೇಶಗಳು, ವಿಶ್ವ ಬ್ಯಾಂಕಿನಂಥ ಸಂಸ್ಥೆಗಳು ಕೊಡುವ ನೆರವಿನಿಂದ ಇನ್ನೊಂದು ದೇಶದಲ್ಲಿ ಕಾನೂನಿನ ಆಳ್ವಿಕೆ, ಮಾನವ ಹಕ್ಕು ನಿಜವಾಗಿ ಬೆಳೆಯುತ್ತಾ, ಇಲ್ಲಾ ಎಲ್ಲ ಸೆಮಿನಾರಿಗೇ ಖರ್ಚಾಗುತ್ತಾ ಅಂತ ಕೇಳಿದ್ದೀರಿ. ಈ ಕೆಲಸಕ್ಕೆ ಬರಬಹುದಾ ಅಂತಲೂ ಕೇಳಿದ್ದೀರಿ.

ಬೆಳೆಯುತ್ತೆ. ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಎಲ್ಲ ಕಡೆ ಅಲ್ಲ. ಬಡವನ ಜೊತೆ ಠಾಣೆಗೆ, ಕೋರ್ಟಿಗೆ, ಜೈಲಿನ ಗೇಟಿಗೆ ನಡೆದು ಹೋಗುವ ಒಬ್ಬ ಮನುಷ್ಯನಿಗೆ ಆ ಹಣ ಸಂಬಳ ಆದರೆ ಬೆಳೆಯುತ್ತೆ. ಹಣ ಕೊಟ್ಟವರ ಮೇಲೂ ದೂರು ಕೊಡಲು ಒಂದು ಜಾಗ ಇದ್ದರೆ ಬೆಳೆಯುತ್ತೆ.

ನಾನು ಹುಟ್ಟಿದ್ದು ಮುಂಬೈನಲ್ಲೇ. ಅಪ್ಪ ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ನಾನು ವಕೀಲೆ ಅಲ್ಲ, ಪ್ಯಾರಾಲೀಗಲ್. ಅಂದರೆ ಜೈಲಿನಲ್ಲಿ ಇರುವವರ ಮನೆಯವರನ್ನು ಹುಡುಕುವುದು, ಆದೇಶದಲ್ಲಿ ಏನಿದೆ ಅಂತ ಅವರ ಭಾಷೆಯಲ್ಲಿ ಓದಿ ಹೇಳುವುದು, ಅರ್ಜಿ ಬರೆಯುವುದು, ವಕೀಲರಿಗೆ ಕಾಗದ ಜೋಡಿಸಿ ಕೊಡುವುದು. ಹನ್ನೊಂದು ವರ್ಷ ಆಯಿತು.

2018ರ ಮಳೆಗಾಲದಲ್ಲಿ ಯಾದಗಿರಿ ಕಡೆಯ ಒಬ್ಬ ಹೆಣ್ಣುಮಗಳು ನಮ್ಮ ಆಫೀಸಿಗೆ ಬಂದಳು. ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಕಾಗದ ಸುತ್ತಿಕೊಂಡಿದ್ದಳು. ಗಂಡ ಗಾರೆ ಕೆಲಸದವ. ಸೈಟಿನಿಂದ ಕಬ್ಬಿಣದ ಸರಳು ಕದ್ದ ಅಂತ ಕೇಸು. "ಬೇಲ್ ಆಗ್ಯಾದಂತ ಅಕ್ಕಾ, ಆದ್ರ ಬಿಡವಲ್ರು" ಅಂದಳು. ಕಾಗದ ಬಿಡಿಸಿ ನೋಡಿದೆ. ಬೇಲ್ ಆಗಿ 41 ದಿನ ಆಗಿತ್ತು! 15,000 ರೂಪಾಯಿಗೆ ಒಬ್ಬ ಜಾಮೀನುದಾರ ಬೇಕು ಅಂತ ಇತ್ತು. ಅವಳ ಅಣ್ಣ ಊರಿನಿಂದ ಪಹಣಿ ಹಿಡಿದುಕೊಂಡು ಬಂದಿದ್ದ. ಎರಡು ಎಕರೆ ಹೊಲದ ಕನ್ನಡದ ಪಹಣಿ. ಬೇರೆ ರಾಜ್ಯದ ಹೊಲ ನಡೆಯಲ್ಲ, ಇಲ್ಲಿನ ರೇಷನ್ ಕಾರ್ಡ್ ಇರುವವರನ್ನು ಕರೆದುಕೊಂಡು ಬಾ ಅಂದರಂತೆ. ಕೋರ್ಟಿನ ಹೊರಗೆ ಒಬ್ಬ ಏಜೆಂಟ್ ಎಂಟು ಸಾವಿರ ಕೊಟ್ಟರೆ ಜಾಮೀನು ತರುತ್ತೇನೆ ಅಂದಿದ್ದ. ಅದಕ್ಕೆ ಕಿವಿಯ ಓಲೆ ಅಡವಿಡಲು ಹೊರಟಿದ್ದಳು.

ಇದಕ್ಕೆ ಕಾನೂನು ಎಂದೋ ಉತ್ತರ ಕೊಟ್ಟಿದೆ. 1978ರಲ್ಲಿ ಸುಪ್ರೀಂ ಕೋರ್ಟಿಗೆ ಮೋತಿರಾಮ್ ಅನ್ನುವವನ ಪ್ರಕರಣ ಬಂತು. ಮಧ್ಯಪ್ರದೇಶದವನು, ಅವನೂ ಗಾರೆ ಕೆಲಸದವನೇ. ಹತ್ತು ಸಾವಿರದ ಜಾಮೀನು ಕೇಳಿದ್ದರು. ಅಣ್ಣತಮ್ಮನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಅವನ ಜಾಮೀನು ಒಪ್ಪಿರಲಿಲ್ಲ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ತೀರ್ಪಿನಲ್ಲಿ ನೇರವಾಗಿ ಕೇಳಿದರು: ಒಬ್ಬ ಮಲಯಾಳಿಯೋ ಕನ್ನಡಿಗನೋ ದೂರದ ಬಸ್ತಾರ್‌ನಲ್ಲೋ ಚಾಂದನಿ ಚೌಕದಲ್ಲೋ ಸಿಕ್ಕಿಬಿದ್ದರೆ ಏನು ಮಾಡಬೇಕು, ಅಲ್ಲಿ ಆಸ್ತಿ ಇರುವ ಜಾಮೀನುದಾರ ಅವನಿಗೆ ಎಲ್ಲಿ ಸಿಗುತ್ತಾನೆ ಅಂತ. ಕನ್ನಡಿಗ ಅಂತಲೇ ಬರೆದಿದ್ದಾರೆ ನೋಡಿ. ಆ ಸಾಲನ್ನು ನಾನು ಎಷ್ಟು ಸಲ ಓದಿದ್ದೇನೋ.

ನಮ್ಮ ವಕೀಲರು ಆ ತೀರ್ಪು ಜೊತೆಗಿಟ್ಟು ಅರ್ಜಿ ಹಾಕಿದರು. ಒಂಬತ್ತನೇ ದಿನಕ್ಕೆ ಜಾಮೀನುದಾರ ಬೇಡ, ಅವನದೇ ಮುಚ್ಚಳಿಕೆ ಸಾಕು ಅಂತ ಆದೇಶ ಬಂತು. ಜೈಲಿನ ಗೇಟಿನ ಹತ್ತಿರ ಆಗ ಒಂದು ಪೆಟ್ಟಿಗೆ ಇತ್ತು. ಸಂಜೆ ಅದನ್ನು ತೆಗೆಯುವುದರೊಳಗೆ ಬಿಡುಗಡೆ ಆದೇಶ ಒಳಗೆ ಬೀಳಬೇಕಿತ್ತು. ತಪ್ಪಿದರೆ ಇನ್ನೊಂದು ರಾತ್ರಿ ಒಳಗೇ. ಲೋಕಲ್ ಟ್ರೇನು ಮಳೆಗೆ ನಿಂತುಬಿಟ್ಟಿತ್ತು. ಕೊನೆಯ ಒಂದೂವರೆ ಕಿಲೋಮೀಟರ್ ನೀರಿನಲ್ಲಿ ನಡೆದುಕೊಂಡು ಹೋಗಿ ಆದೇಶ ಹಾಕಿದೆ. ಆ ಕೇಸಿಗೆ ನಾನು ಬರೆದ ಖರ್ಚು, ಝೆರಾಕ್ಸ್, ಸ್ಟಾಂಪು, ಟಿಕೆಟ್ಟು ಸೇರಿ 340 ರೂಪಾಯಿ.

ಆ 340 ರೂಪಾಯಿ, ನನ್ನ ಸಂಬಳ, ವಕೀಲರ ಗೌರವಧನ ಎಲ್ಲ ಬರುತ್ತಿದ್ದದ್ದು ಯುರೋಪಿನ ನೆರವಿನ ಹಣದಿಂದ. ನಿಮ್ಮ ಪ್ರಶ್ನೆಗೆ ನಾನು ಬೆಳೆಯುತ್ತೆ ಅಂತ ಹೇಳುವ ಧೈರ್ಯ ಮಾಡುವುದು ಅದಕ್ಕೇ. ತೀರ್ಪು ನಮ್ಮದು, ಕೋರ್ಟು ನಮ್ಮದು. ಉಚಿತ ಕಾನೂನು ನೆರವು ಸಂವಿಧಾನದ 39ಎ ವಿಧಿಯಲ್ಲಿ 1976ರ ತಿದ್ದುಪಡಿಯಿಂದಲೇ ಇದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಪ್ರಕಾರ ಬಂಧನದಲ್ಲಿ ಇರುವ ಯಾರಿಗೇ ಆಗಲಿ ವಕೀಲರು ಪುಕ್ಕಟೆ, ಆದಾಯ ಎಷ್ಟೇ ಇರಲಿ. ಮಾನವ ಹಕ್ಕು ಹೊರಗಿನವರ ಸರಕು ಅನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. ಹಕ್ಕು ಇಲ್ಲಿಯದೇ. ಅದನ್ನು ಜೈಲಿನ ಗೇಟಿನ ತನಕ ಹೊತ್ತು ತರುವ ಕೂಲಿ ಮಾತ್ರ ಹೊರಗಿನಿಂದ ಬಂತು.

ಆದರೆ ಅದೇ ನೆರವಿನ ವರದಿ ಫಾರಂ ಹೇಗಿತ್ತು ಗೊತ್ತಾ? ಎಷ್ಟು ತರಬೇತಿ ಮಾಡಿದಿರಿ, ಎಷ್ಟು ಜನ ಬಂದರು, ಅದರಲ್ಲಿ ಹೆಂಗಸರು ಎಷ್ಟು. ಎಷ್ಟು ಜನ ಮನೆ ಸೇರಿದರು ಅನ್ನುವುದಕ್ಕೆ ಕಾಲಂ ಇರಲಿಲ್ಲ. ನಾನು ಷರಾ ಬರೆಯುವ ಜಾಗದಲ್ಲಿ ಪೆನ್ನಿನಲ್ಲಿ ಬರೆದು ಕಳಿಸುತ್ತಿದ್ದೆ. ಒಂದು ವರ್ಷ ಅವರ ಅಧಿಕಾರಿಯೊಬ್ಬರು ಬಂದರು. ಹೋಟೆಲಿನಲ್ಲಿ ಮೀಟಿಂಗ್ ಬೇಡ ಅಂತ ಹೇಳಿ ಅವರನ್ನು ಜೈಲಿನ ಗೇಟಿಗೇ ಕರೆದುಕೊಂಡು ಹೋದೆ. ಮಕ್ಕಳನ್ನು ಎತ್ತಿಕೊಂಡು ಕಾಯುವ ಹೆಂಗಸರ ಜೊತೆ ಎರಡು ತಾಸು ಕೂತರು. ಮುಂದಿನ ವರ್ಷದ ಫಾರಂನಲ್ಲಿ ಆ ಕಾಲಂ ಬಂತು. ನನಗೆ ಅವತ್ತು ಆದ ಸಂತೋಷ ಅಷ್ಟಿಷ್ಟಲ್ಲ.

ಇದು ಇಲ್ಲಿ ಮಾತ್ರ ಅಂತ ತಿಳಿಯಬೇಡಿ. ಆಫ್ರಿಕಾದ ಮಲಾವಿಯಲ್ಲಿ 2000ರಲ್ಲಿ ಬ್ರಿಟನ್ನಿನ ನೆರವಿನಿಂದ ಪ್ಯಾರಾಲೀಗಲ್‌ಗಳು ಜೈಲಿನ ಒಳಗೇ ಹೋಗಿ ಕೆಲಸ ಶುರು ಮಾಡಿದರು. ಆ ದೇಶದಲ್ಲಿ ವಕೀಲರೇ ತೀರಾ ಕಡಿಮೆ. ಅದಕ್ಕೆ ಕೈದಿಗಳಿಗೇ ಹಾಡು, ಆಟ, ಸಣ್ಣ ನಾಟಕದ ಮೂಲಕ ಬೇಲ್ ಹೇಗೆ ಕೇಳಬೇಕು, ಜಡ್ಜ್ ಎದುರು ಏನು ಹೇಳಬೇಕು ಅಂತ ಕಲಿಸಿದರು. ಆಫ್ರಿಕಾದ ಬೇರೆ ಕೆಲವು ದೇಶಗಳೂ ಅದನ್ನು ನೋಡಿ ಕಲಿತವು. ದೊಡ್ಡ ಕೋರ್ಟ್ ಕಟ್ಟಡ ಕಟ್ಟಿಸಿಕೊಡುವುದಕ್ಕಿಂತ, ಜಡ್ಜುಗಳನ್ನು ವಿದೇಶಕ್ಕೆ ಕಳಿಸುವುದಕ್ಕಿಂತ ಇದು ಎಷ್ಟೋ ಮೇಲು ಅನ್ನುವುದು ನನ್ನ ಅಭಿಪ್ರಾಯ.

ಈಗ ಎರಡನೇ ಮಾತು, ಕೊಟ್ಟವರ ಮೇಲೆ ದೂರು. ಇದು ಮುಂಬೈನಲ್ಲೇ ನಡೆದದ್ದು. 2002ರಲ್ಲಿ ಮುಂಬೈ ನಗರ ಸಾರಿಗೆ ಯೋಜನೆಗೆ ವಿಶ್ವ ಬ್ಯಾಂಕ್ ಸುಮಾರು 54 ಕೋಟಿ ಡಾಲರ್ ಸಾಲ ಒಪ್ಪಿತು. ಲೋಕಲ್ ರೈಲಿನ ಹಳಿ ಹೆಚ್ಚಿಸಬೇಕು, ಸಾಂತಾಕ್ರೂಜ್‌ನಿಂದ ಚೆಂಬೂರಿಗೆ, ಜೋಗೇಶ್ವರಿಯಿಂದ ವಿಕ್ರೋಲಿಗೆ ರಸ್ತೆ ಮಾಡಬೇಕು. ಅದಕ್ಕೆ ಸುಮಾರು 1,20,000 ಜನ ಜಾಗ ಬಿಡಬೇಕಿತ್ತು. ಬ್ಯಾಂಕಿನ ನಿಯಮ ಇದ್ದದ್ದರಿಂದ ಜಾಗದ ಕಾಗದ ಇಲ್ಲದ ಹಳಿ ಪಕ್ಕದ ಜೋಪಡಿಯವರಿಗೂ 225 ಚದರಡಿ ಮನೆ ಸಿಕ್ಕಿತು. ಸುಮ್ನೆ ಬುಲ್ಡೋಜರ್ ಹತ್ತಿಸುತ್ತಿದ್ದ ಊರಿನಲ್ಲಿ ಅದು ಸಣ್ಣ ಮಾತಲ್ಲ. ಆದರೆ ಕುರ್ಲಾ ಕಡೆಯ ಅಂಗಡಿಯವರಿಗೆ ಇದು ಕಷ್ಟ ತಂತು. ದೊಡ್ಡ ಅಂಗಡಿ ಇದ್ದವರಿಗೂ ಪುಕ್ಕಟೆ ಸಿಗುವುದು ಅಷ್ಟೇ ಜಾಗ, ಅದೂ ಗಿರಾಕಿ ಬಾರದ ಕಡೆ. 2004ರಲ್ಲಿ ಅವರು ಮತ್ತು ಅಲ್ಲಿನ ನಿವಾಸಿಗಳು ವಿಶ್ವ ಬ್ಯಾಂಕಿನ ಇನ್‌ಸ್ಪೆಕ್ಷನ್ ಪ್ಯಾನೆಲ್‌ಗೆ, ಅಂದರೆ ಬ್ಯಾಂಕಿನ ಮೇಲಿನ ದೂರು ತನಿಖೆ ಮಾಡುವ ಸಮಿತಿಗೆ, ದೂರು ಕೊಟ್ಟರು. ಪ್ಯಾನೆಲ್‌ನವರು ಬಂದು ತನಿಖೆ ಮಾಡಿ, ಬ್ಯಾಂಕ್ ತನ್ನ ನಿಯಮಗಳನ್ನೇ ಸರಿಯಾಗಿ ಪಾಲಿಸಿಲ್ಲ ಅಂತ 2005ರ ಡಿಸೆಂಬರಿನಲ್ಲಿ ವರದಿ ಕೊಟ್ಟರು. 2006ರ ಮಾರ್ಚಿನಲ್ಲಿ ರಸ್ತೆ ಮತ್ತು ಪುನರ್ವಸತಿ ಭಾಗದ ಹಣ ನಿಂತಿತು. ಸುಧಾರಣೆಗೆ ಒಪ್ಪಿದ ಮೇಲೆ ಕೆಲವು ತಿಂಗಳಿಗೆ ಮತ್ತೆ ಶುರುವಾಯಿತು.

ಆ ಪ್ಯಾನೆಲ್ ಹುಟ್ಟಿದ್ದೂ ನಮ್ಮ ನೆಲದ ಜಗಳದಿಂದಲೇ. ಸರ್ದಾರ್ ಸರೋವರ ಅಣೆಕಟ್ಟಿಗೆ 1985ರಲ್ಲಿ ವಿಶ್ವ ಬ್ಯಾಂಕ್ ಸಾಲ ಕೊಟ್ಟಿತ್ತು. ನರ್ಮದಾ ಕಣಿವೆಯ ಜನ ಬಿಡದೆ ಹೋರಾಡಿದರು. ಬ್ಯಾಂಕ್ ನೇಮಿಸಿದ ಮೋರ್ಸ್ ಆಯೋಗ 1992ರಲ್ಲಿ ಪುನರ್ವಸತಿ ಸರಿಯಿಲ್ಲ ಅಂತ ವರದಿ ಕೊಟ್ಟಿತು. 1993ರಲ್ಲಿ ಭಾರತ ಉಳಿದ ಸಾಲ ಬೇಡ ಅಂತು. ಅದೇ ವರ್ಷ ಈ ಪ್ಯಾನೆಲ್ ಬಂತು. ತೊಂದರೆ ಅನುಭವಿಸಿದ ಇಬ್ಬರು ಸೇರಿ ಪತ್ರ ಬರೆದರೂ ಸಾಕು, ತಮ್ಮ ಭಾಷೆಯಲ್ಲೇ ಬರೆಯಬಹುದು, ಹೆಸರು ಗುಟ್ಟಾಗಿಡಿ ಅಂತ ಕೇಳಬಹುದು. ಅದು ಪರಿಹಾರ ಕೊಡಿಸುವ ಕೋರ್ಟ್ ಅಲ್ಲ ಅನ್ನುವುದೂ ನೆನಪಿರಲಿ. ಬ್ಯಾಂಕ್ ತನ್ನ ನಿಯಮ ಪಾಲಿಸಿತಾ ಅನ್ನುವುದಷ್ಟೇ ಅದರ ಕೆಲಸ. ಆದರೂ ಕುರ್ಲಾದ ಒಬ್ಬ ಅಂಗಡಿಯವನು ವಾಷಿಂಗ್ಟನ್ನಿನ ಬ್ಯಾಂಕಿಗೆ ನೀನು ತಪ್ಪು ಮಾಡಿದೆ ಅಂತ ಹೇಳಿ ಉತ್ತರ ಪಡೆದ. ಕಾನೂನಿನ ಆಳ್ವಿಕೆ ಅಂದರೆ ನನ್ನ ಮಟ್ಟಿಗೆ ಇದೇ.

ಹಕ್ಕು ಕಾಪಾಡದ ಸರ್ಕಾರಕ್ಕೆ ನೆರವು ನಿಲ್ಲಿಸಿದರೆ ಸರಿಹೋಗಲ್ವಾ ಅಂತಲೂ ಕೆಲವರು ಕೇಳುತ್ತಾರೆ. ಅದರ ಮೇಲೆ ನನಗೆ ಜಾಸ್ತಿ ನಂಬಿಕೆ ಇಲ್ಲ. ಪೆಟ್ಟು ಮೊದಲು ಬೀಳುವುದು ಬಡವರಿಗೆ.

ಇನ್ನೂ ಒಂದು ಕಷ್ಟ ಹೇಳಲೇಬೇಕು. ಈ ಹಣ ಯಾವಾಗ ಬೇಕಾದರೂ ನಿಲ್ಲಬಹುದು. ಗ್ವಾಟೆಮಾಲಾದಲ್ಲಿ ವಿಶ್ವಸಂಸ್ಥೆಯ ಬೆಂಬಲ, ಹೊರದೇಶಗಳ ಹಣದಿಂದ 2007ರಲ್ಲಿ ಒಂದು ತನಿಖಾ ಆಯೋಗ ಕೆಲಸ ಶುರು ಮಾಡಿತು. ಅದರ ತನಿಖೆಯಿಂದ 2015ರಲ್ಲಿ ಅಧ್ಯಕ್ಷನೇ ಭ್ರಷ್ಟಾಚಾರದ ಕೇಸಿನಲ್ಲಿ ರಾಜೀನಾಮೆ ಕೊಡಬೇಕಾಯಿತು. ಆಮೇಲೆ ಬಂದ ಅಧ್ಯಕ್ಷ ಅವಧಿ ಮುಂದುವರಿಸಲಿಲ್ಲ, 2019ರಲ್ಲಿ ಆಯೋಗ ಮುಚ್ಚಿತು. ಅಮೆರಿಕ 2025ರ ಜನವರಿಯಲ್ಲಿ ವಿದೇಶಿ ನೆರವು ತಡೆಹಿಡಿಯಿತು, ಜುಲೈ 1ಕ್ಕೆ ಆ ನೆರವು ಕೊಡುತ್ತಿದ್ದ ಯುಎಸ್‌ಎಯ್ಡ್ ಸಂಸ್ಥೆ ತನ್ನ ನೆರವಿನ ಕೆಲಸವನ್ನೇ ನಿಲ್ಲಿಸಿತು. ನಮ್ಮಲ್ಲಿ 2020ರಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ ತಿದ್ದುಪಡಿ ಆಯಿತು. ವಿದೇಶಿ ಹಣ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ಕೊಡುವ ಹಾಗಿಲ್ಲ. ನಮಗೆ ಬರುತ್ತಿದ್ದದ್ದು ಒಂದು ದೊಡ್ಡ ಸಂಸ್ಥೆ ಮೂಲಕ. ನಿಂತುಹೋಯಿತು.

ಆರು ಜನ ಇದ್ದೆವು, ಇಬ್ಬರು ಉಳಿದೆವು. ಈಗ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಸ್ವಯಂಸೇವಕರಾಗಿ ಸಣ್ಣ ಗೌರವಧನಕ್ಕೆ ಅದೇ ಕೆಲಸ ಮಾಡುತ್ತೇವೆ. ಬಾಡಿಗೆಯನ್ನು ನಮ್ಮ ಕನ್ನಡದ ಹೋಟೆಲಿನವರು ಕೆಲವರು ಸೇರಿ ಕೊಡುತ್ತಾರೆ. ಕಲಿತ ಕೆಲಸ ಕೈಯಲ್ಲೇ ಇತ್ತು, ಅದಕ್ಕೇ ನಡೆಯಿತು. ಬೇಲ್ ಆಗಿ ಏಳು ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲಿನವರು ಪ್ರಾಧಿಕಾರಕ್ಕೆ ತಿಳಿಸಬೇಕು ಅಂತ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆದೇಶ ಮಾಡಿದ ಮೇಲೆ ನಮ್ಮ ಕೆಲಸಕ್ಕೆ ಬಲ ಬಂದಿದೆ. ಆ 41 ದಿನ ನೆನೆದಾಗೆಲ್ಲ, ಈ ಆದೇಶ ಅವತ್ತೇ ಇರಬೇಕಿತ್ತು ಅನಿಸುತ್ತೆ.

ನಿಮ್ಮ ಕೊನೆಯ ಪ್ರಶ್ನೆ. ಬನ್ನಿ. ಆದರೆ ದೊಡ್ಡ ಪ್ರಾಜೆಕ್ಟ್ ಹುಡುಕಿಕೊಂಡು ಬರಬೇಡಿ. ಮೊದಲು ಧಾರವಾಡದ ಕೋರ್ಟಿನಲ್ಲೇ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಗೆ ಹೋಗಿ ಸ್ವಯಂಸೇವಕರಾಗಲು ಏನು ಮಾಡಬೇಕು ಅಂತ ಕೇಳಿ. ಅವರ ಸಹಾಯವಾಣಿ 15100. ಒಂದು ಎಫ್‌ಐಆರ್, ಒಂದು ಬೇಲ್ ಆದೇಶ ಓದಿ ಇನ್ನೊಬ್ಬರಿಗೆ ಅರ್ಥ ಆಗುವ ಹಾಗೆ ಹೇಳುವುದನ್ನು ಕಲಿಯಿರಿ. ಆಮೇಲೆ ಯಾವುದಾದರೂ ಸಂಸ್ಥೆ ಕೆಲಸಕ್ಕೆ ಕರೆದರೆ, ಅವರ ಮೇಲೆ ಜನ ದೂರು ಕೊಡಬೇಕಾದರೆ ಎಲ್ಲಿಗೆ ಹೋಗಬೇಕು ಅಂತ ಸಂದರ್ಶನದಲ್ಲೇ ಕೇಳಿ.

ಮುಂಬೈಗೆ ಬಂದರೆ ಒಂದು ಗುರುವಾರ ನನ್ನ ಜೊತೆ ಜೈಲಿನ ಗೇಟಿಗೆ ಬನ್ನಿ. ಯಾದಗಿರಿ, ವಿಜಯಪುರ ಕಡೆಯವರು ಪ್ರತಿ ವಾರ ಇರುತ್ತಾರೆ. ಕನ್ನಡ ಬರುವವರು ನಮ್ಮಲ್ಲಿ ನಾನೊಬ್ಬಳೇ.