ನಡುಮನೆಯ ಪಟ್ಟಾಭಿಷೇಕ ಎಲ್ಲಿಂದ ಬಂತು?

ಪ್ರಶ್ನೆ: ನಮ್ಮ ನಡುಮನೆಯಲ್ಲಿ ಮೈಸೂರು ಶೈಲಿಯ ಶ್ರೀರಾಮ ಪಟ್ಟಾಭಿಷೇಕದ ಹಳೆಯ ಚಿತ್ರವೊಂದಿದೆ. ಅದು ಅರಮನೆಯಿಂದ ಮುತ್ತಜ್ಜನಿಗೆ ಬಂದ ಉಡುಗೊರೆಯೆಂದು ಅಜ್ಜಿ ಹೇಳುತ್ತಾರೆ. ಇಂಗ್ಲಿಷ್ ದೊರೆಯಿಂದ ಕಾಫಿತೋಟ ಕೊಂಡಾಗ ಬಂಗಲೆಯ ಸಾಮಾನಿನ ಜೊತೆ ಬಂದದ್ದೆಂದು ದೊಡ್ಡಪ್ಪ ಹೇಳುತ್ತಾರೆ. ನಿಜ ತಿಳಿಯುವುದು ಹೇಗೆ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಇಬ್ಬರ ಮಾತನ್ನೂ ಅವರು ಹೇಳಿದಂತೆಯೇ, ತಾರೀಖು ಹಾಕಿ ಬರೆದಿಟ್ಟುಕೊಳ್ಳಿ, ಆದರೆ ಯಾವುದನ್ನೂ ಈಗಲೇ ತೀರ್ಮಾನವೆಂದು ಎಣಿಸಬೇಡಿ. ಮೈಸೂರು ಶೈಲಿಯ ಹಳೆಯ ಚಿತ್ರಗಳಲ್ಲಿ ಸಾಮಾನ್ಯವಾಗಿ ಕಲಾವಿದರ ಸಹಿ ಇರುವುದಿಲ್ಲವಾದ್ದರಿಂದ, ಅದು ಯಾರ ಯಾರ ಮನೆಯಲ್ಲಿತ್ತು ಎಂಬುದನ್ನು ಇಂದಿನಿಂದ ಹಿಂದಕ್ಕೆ ಒಂದೊಂದೇ ತಲೆಮಾರಾಗಿ ಹುಡುಕುತ್ತ ಹೋಗುವುದೇ ಸರಿಯಾದ ದಾರಿ.

ಮೊದಲು ಚಿತ್ರವನ್ನು ಮೆಲ್ಲನೆ ಇಳಿಸಿ, ಹಿಂಬದಿಯ ಪ್ರತಿಯೊಂದು ಚೀಟಿ, ಮುದ್ರೆ, ಸೀಮೆಸುಣ್ಣದ ಅಂಕಿಯ ಫೋಟೊ ತೆಗೆಯಿರಿ. ಚೌಕಟ್ಟಿನ ಅಂಗಡಿಯ ಚೀಟಿ ಸಿಕ್ಕರೆ ಅದು ಚೌಕಟ್ಟಿನ ಊರನ್ನಷ್ಟೇ ಹೇಳುತ್ತದೆ, ಚಿತ್ರದ ಊರನ್ನಲ್ಲ. ಚೌಕಟ್ಟನ್ನು ಮನೆಯಲ್ಲಿ ಬಿಚ್ಚಬೇಡಿ, ಒದ್ದೆ ಬಟ್ಟೆಯನ್ನಂತೂ ಮುಟ್ಟಿಸಲೇಬೇಡಿ: ಚಿನ್ನದ ರೇಕಿನ ಕೆಳಗಿನ ಮಕ್ಕಿ ಸಫೇದದ (ಬಿಳಿ ಪುಡಿ, ಅಂಟು ಕಲಸಿದ ಲೇಪದ) ಉಬ್ಬುಕೆಲಸ ತೇವಕ್ಕೆ ಬಿಟ್ಟುಕೊಳ್ಳುತ್ತದೆ, ಮಲೆನಾಡಿನ ಮಳೆಗಾಲದಲ್ಲಿ ಅದಕ್ಕೆ ಮೊದಲೇ ಸಾಕಷ್ಟು ಪೆಟ್ಟು ಬಿದ್ದಿರುತ್ತದೆ.

ನಿಮ್ಮ ವಿಷಯದಲ್ಲಿ ಗಂಟು ಬಿಡಿಸಬಲ್ಲದ್ದು ತೋಟದ ಕ್ರಯಪತ್ರ. ಅದರ ತಾರೀಖನ್ನು ನೋಡಿ. ಬಂಗಲೆಯ ಸಾಮಾನಿನ ಪಟ್ಟಿಯೇನಾದರೂ ಲಗತ್ತಾಗಿದೆಯೇ ಎಂದು ಹುಡುಕಿ. ಮನೆಯಲ್ಲಿ ಇಲ್ಲದಿದ್ದರೆ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನಕಲಿಗೆ ಅರ್ಜಿ ಕೊಡಬಹುದು. ಸ್ವಾತಂತ್ರ್ಯಪೂರ್ವದ ಕಾಗದಗಳಲ್ಲಿ ನಿಮ್ಮ ಜಿಲ್ಲೆಯ ಹೆಸರು ಕಡೂರು ಎಂದಿರುತ್ತದೆ, ಹುಡುಕುವಾಗ ನೆನಪಿರಲಿ. ಬಳಿಕ ಮನೆಯ ಹಳೆಯ ಮದುವೆ ಫೋಟೊಗಳನ್ನೆಲ್ಲ ತೆಗೆದು, ಜನರ ಮುಖ ಬಿಟ್ಟು ಹಿಂದಿನ ಗೋಡೆಯನ್ನು ನೋಡಿ. ಕ್ರಯಕ್ಕಿಂತ ಮುಂಚಿನ ಒಂದೇ ಒಂದು ಫೋಟೊದಲ್ಲಿ ಈ ಪಟ್ಟಾಭಿಷೇಕ ಕಂಡರೂ ದೊಡ್ಡಪ್ಪನವರ ಮಾತು ನಿಲ್ಲುವುದಿಲ್ಲ. ಆದರೆ ಅಷ್ಟರಿಂದಲೇ ಅರಮನೆಯ ಮಾತು ನಿಜವಾಗುವುದೂ ಇಲ್ಲ. ಅದಕ್ಕೆ ಪತ್ರವೋ ದಾಖಲೆಯೋ ಬೇರೆಯಾಗಿಯೇ ಬೇಕು. ಅರಮನೆಯ ಹೆಸರು ಚಿತ್ರದ ಬೆಲೆಯನ್ನು ಏರಿಸುವಂಥದ್ದಾದ್ದರಿಂದ ಅಲ್ಲಿ ಸಾಕ್ಷ್ಯವನ್ನು ಇನ್ನಷ್ಟು ಬಿಗಿಯಾಗಿ ಕೇಳಬೇಕೆಂಬುದು ನನ್ನ ಅಭಿಪ್ರಾಯ. ನಡುವೆ ಇಪ್ಪತ್ತು ವರ್ಷಗಳ ಸುಳಿವೇ ಸಿಗದಿದ್ದರೆ ಆ ಜಾಗವನ್ನು ಖಾಲಿಯೆಂದೇ ಬರೆಯಿರಿ, ಊಹೆಯಿಂದ ತುಂಬಬೇಡಿ.

ಚಿತ್ರಕ್ಕೆ ನೂರು ವರ್ಷ ದಾಟಿದ್ದರೆ ಅದು 1972ರ ಪ್ರಾಚ್ಯವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಅಂಥದ್ದನ್ನು ಖಾಸಗಿಯವರು ದೇಶದ ಹೊರಗೆ ಕಳುಹಿಸುವಂತಿಲ್ಲ, ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ನೋಂದಣಿ ಅಧಿಕಾರಿಗಳಲ್ಲಿ ನೋಂದಾಯಿಸಬೇಕು.

ಪಾಲುಪಟ್ಟಿ, ವಿಲ್‌ಗಳನ್ನೂ ಓದಿ. ಆದರೆ ಇಂಥ ಕಾಗದಗಳು ಹೆಚ್ಚಾಗಿ ಗಂಡಸರ ಆಸ್ತಿಯನ್ನು ಬರೆದವು. ಹೆಣ್ಣುಮಕ್ಕಳು ತವರಿನಿಂದ ತಂದ ದೇವರ ಪಟ, ಪಾತ್ರೆಗಳು ಅವುಗಳಲ್ಲಿ ಕಾಣುವುದು ಅಪರೂಪ. ಇಬ್ಬರೂ ಹೇಳದ ಮೂರನೆಯ ದಾರಿಯೊಂದು ಅಲ್ಲಿರಬಹುದು. ಅಜ್ಜಿ ಇನ್ನೂ ಮಾತಾಡುವ ಸ್ಥಿತಿಯಲ್ಲಿದ್ದರೆ, ಮುತ್ತಜ್ಜಿಯ ತವರು ಯಾವ ಊರು, ಆ ಮನೆಯಲ್ಲಿ ಈಗ ಯಾರಿದ್ದಾರೆ ಎಂದು ಈ ವಾರವೇ ಕೇಳಿ.